ಸುರಂಗ ದಾಟುವಾಗ ನೋಡು

ನಮ್ಮ ಮನೆಗೆ ಡಿಗ್ರಿ ಬರುವ ಮಾತೇ ಇಲ್ಲ ಎಂದು ಹೇಳಿದವರು ನಮ್ಮ ದೊಡ್ಡಪ್ಪ. ಪಾಳ್ಯದ ಅಂಗಡಿ ಕಟ್ಟೆಯ ಮೇಲೆ ಕೂತು, ಬೆಲ್ಲ ತೂಗುತ್ತಾ, ಗಿರಾಕಿಗಳ ಎದುರಿಗೇ ಹೇಳುತ್ತಿದ್ದರು. “ನಮ್ ವಂಶದಲ್ಲಿ ಎಸ್ಸೆಸ್ಸೆಲ್ಸಿ ಅನ್ನೋದೇ ಒಂದು ಘಾಟಿ ಕಣವ್ವಾ. ನಿಮ್ಮಪ್ಪ ಅಲ್ಲೇ ಉರುಳ್ಕಂಡ. ನನ್ ಮಗ ಪಿಯುಸಿಗೆ ಮೂರು ಸಲ ಹೋಗಿ ಮೂರು ಸಲಾನೂ ವಾಪಸ್ ಬಂದ. ನೀನು ಡಿಗ್ರಿ ಪಾಸ್ ಮಾಡ್ಬುಟ್ಟೆ ಅನ್ನು, ಈ ಸರ್ಕಲ್‌ನಲ್ಲಿ ಆಳೆತ್ತರದ ಫ್ಲೆಕ್ಸ್ ಹಾಕಿಸ್ತೀನಿ, ಎಮ್ಮೆಲ್ಲೆಗಿಂತ ದೊಡ್ಡದು!” ಕಟ್ಟೆಯ ಮೇಲಿದ್ದವರೆಲ್ಲ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಕೆಟ್ಟ ಮನಸ್ಸಿನವರಲ್ಲ ದೊಡ್ಡಪ್ಪ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅವ್ವನನ್ನೂ ತಮ್ಮ ಮನೆಯಲ್ಲೇ ಇರಿಸಿಕೊಂಡವರು. ಸಕಲೇಶಪುರದ ಕಾಲೇಜಿಗೆ ನಾನು ಹೋಗುತ್ತಿದ್ದ ಬಸ್ಸಿನ ಪಾಸು ಮುಗಿಯುವ ಮುನ್ನವೇ ಹೊಸದು ಮಾಡಿಸುತ್ತಿದ್ದರು. ಆಗುವುದಿಲ್ಲ ಎಂದು ಹೇಳುತ್ತಲೇ ಮಾಡಿಸುತ್ತಿದ್ದರು.

ಆಗುವುದಿಲ್ಲ ಎಂದದ್ದು ಆದದ್ದು ಒಬ್ಬ ಮೇಡಂ ಅವರಿಂದ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರ ಹುಟ್ಟೂರನ್ನೂ ಬರೆಯುವುದಿಲ್ಲ. ಅವರು ಎಲ್ಲಿದ್ದಾರೆ ಎಂಬುದು ಒಬ್ಬ ಮನುಷ್ಯನಿಗೆ ಗೊತ್ತಾಗಬಾರದಿತ್ತು. ಆ ಮನುಷ್ಯ ಅವರ ಗಂಡ. ಅವರು ಮನೆ ಬಿಟ್ಟು ಹೊರಡುವಾಗ ಕೈಯಲ್ಲಿ ಹಿಡಿದು ತಂದದ್ದು ತಮ್ಮ ಸರ್ಟಿಫಿಕೇಟುಗಳ ಫೈಲೊಂದನ್ನೇ. ಆದ್ದರಿಂದಲೇ ಹೆಸರು ಬದಲಾಯಿಸಿಕೊಳ್ಳಲೂ ಆಗಲಿಲ್ಲ. ಓದಿದ್ದೆಲ್ಲ ಅದೇ ಹೆಸರಿನಲ್ಲಿತ್ತು.

ನಮ್ಮ ಕಾಲೇಜಿಗೆ ಅವರು ಅತಿಥಿ ಉಪನ್ಯಾಸಕಿಯಾಗಿ ಬಂದದ್ದು, ಕಂಪ್ಯೂಟರ್ ನೆಟ್‌ವರ್ಕ್ ಪಾಠಕ್ಕೆ. ಸ್ಟಾಫ್ ರೂಮಿನಲ್ಲಿ ಬಾಗಿಲು ಕಾಣುವ ಹಾಗೆ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಎಡಗೈ ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ. ಡಸ್ಟರ್ ಹಿಡಿದರೆ ಜಾರಿ ಬೀಳುತ್ತಿತ್ತು. ಬಿದ್ದಾಗಲೆಲ್ಲ “ಭೂಮಿಗೆ ನನ್ನ ಮೇಲೆ ಭಾರಿ ಪ್ರೀತಿ” ಎಂದು ಹೇಳಿ ತಾವೇ ಬಗ್ಗಿ ಎತ್ತಿಕೊಳ್ಳುತ್ತಿದ್ದರು. ಅವರ ಲ್ಯಾಪ್‌ಟಾಪಿನ ಮೇಲಂಚಿನಲ್ಲಿ, ಕ್ಯಾಮರಾ ಇರುವ ಜಾಗದಲ್ಲಿ, ಒಂದು ಕೆಂಪು ಸ್ಟಿಕರ್ ಬೊಟ್ಟು ಅಂಟಿರುತ್ತಿತ್ತು.

“ಏನ್ ಮೇಡಂ, ಲ್ಯಾಪ್‌ಟಾಪಿಗೂ ಮುತ್ತೈದೆತನವಾ?” ಎಂದು ಪ್ರಿನ್ಸಿಪಾಲರು ಒಮ್ಮೆ ಕೇಳಿದರು.

“ಹೌದು ಸಾರ್. ದೃಷ್ಟಿ ಆಗಬಾರದಲ್ಲ” ಎಂದರು. ಎಲ್ಲರೂ ನಕ್ಕರು. ಅದು ತಮಾಷೆಯಲ್ಲ ಎಂದು ನನಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು.

ಹಾನುಬಾಳಿನಲ್ಲಿ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದಿದ್ದರು. ದಿನವೂ ಸಕಲೇಶಪುರಕ್ಕೆ ಬಂದು ಹೋಗುತ್ತಿದ್ದರು. ಒಂದು ದಿನ ಬಸ್ಸು, ಒಂದು ದಿನ ಜೀಪು, ಒಂದು ದಿನ ಇನ್ನೊಂದು ಜೀಪು. ಜೀಪಿನವನೊಬ್ಬ ನಮ್ಮೆದುರಿಗೇ ಕೇಳಿದ್ದ: “ಏನ್ ಮೇಡಂ, ಒಂದಿನ ಬಂದ್ರೆ ಮೂರ್ ದಿನ ನಾಪತ್ತೆ. ನಮ್ ಗಾಡಿ ಸೀಟೇನ್ ಕಚ್ತದಾ?” ಅವರು ನಗುತ್ತಾ ಹತ್ತಿ ಕೂತರು. ಮಾರನೆಯ ದಿನ ಬಸ್ಸಿಗೆ ಹೋದರು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನನಗೆ ಜೊತೆಗಾತಿಯೊಬ್ಬಳಿದ್ದಳು. ಅವಳು ನಡುವೆಯೇ ಮದುವೆಯಾಗಿ ಹೋದಳು. ಒಬ್ಬಳೇ ಉಳಿದವಳಿಗೆ ಮೇಡಂ ವಿಷಯ ಕೊಟ್ಟರು: ಒಂದು ವಿಪಿಎನ್ ಎಷ್ಟು ಭದ್ರ, ಎಷ್ಟು ನೆಚ್ಚಬಹುದು ಎಂದು ಪರೀಕ್ಷೆ ಮಾಡುವುದು ಹೇಗೆ. ನನಗೆ ಆಗ ವಿಪಿಎನ್ ಎಂದರೆ ಹುಡುಗರು ಕದ್ದು ಏನೇನೋ ನೋಡಲು ಹಾಕಿಕೊಳ್ಳುವ ಆ್ಯಪ್, ಅಷ್ಟೇ.

ಅವರು ಬೋರ್ಡಿನ ಮೇಲೆ ಏನೂ ಬರೆಯದೆ ಹೇಳಿಕೊಟ್ಟರು. ನಮ್ಮ ಫೋನಿನಿಂದ ಹೊರಡುವ ಮಾತನ್ನೆಲ್ಲ ಒಂದು ಮುಚ್ಚಿದ ಕೊಳವೆಯೊಳಗೆ ಕಳಿಸಿ, ಬೇರೆಲ್ಲೋ ಇರುವ ಯಂತ್ರದ ಬಾಗಿಲಿನಿಂದ ಹೊರಗೆ ಬಿಡುವ ಏರ್ಪಾಟು ಅದು. ಎದುರಿನವರಿಗೆ ಆ ಬಾಗಿಲಿನ ವಿಳಾಸ ಕಾಣುತ್ತದೆ, ನಮ್ಮದು ಕಾಣುವುದಿಲ್ಲ. “ಆದರೆ ಕೊಳವೆ ಯಾರದ್ದು? ಅವನು ನೋಡಬಹುದಲ್ಲ? ನಿನ್ನ ಊರಿನವರ ಕಣ್ಣು ತಪ್ಪಿಸಿ ಅವನ ಕಣ್ಣಿಗೆ ಬಿದ್ದೆ, ಅಷ್ಟೇ. ಅದಕ್ಕೇ ಮೊದಲು ಅವನು ಯಾರು ಅಂತ ಕೇಳು.”

ಪುಕ್ಕಟೆ ಕೊಡುವವನ ಬಗ್ಗೆ: “ಯಂತ್ರ ಓಡಿಸೋದಕ್ಕೆ ಖರ್ಚಿದೆ. ನಿನ್ನಿಂದ ದುಡ್ಡು ತಗೊಳ್ಳದವನು ಇನ್ನೇನು ತಗೊಳ್ತಾನೆ ಅಂತ ಯೋಚನೆ ಮಾಡು.”

ನಾವು ಯಾವ ದಾಖಲೆಯನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಜಾಹೀರಾತು ಹಾಕಿಕೊಳ್ಳುವ ಕಂಪನಿಗಳ ಬಗ್ಗೆ: “ನಾನು ಒಳ್ಳೆಯವನು ಅಂತ ಅವನೇ ಹೇಳಿದರೆ ಆಗಲ್ಲ. ಹೊರಗಿನವರು ಒಳಗೆ ಹೋಗಿ ನೋಡಿದ್ದಾರಾ? ನೋಡಿದ್ದನ್ನ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದಾರಾ?” ಆಮೇಲೆ, “ಒಳ್ಳೆಯವನು ಅಂತ ಊರೆಲ್ಲ ಹೇಳಿದರೂ ಆಗಲ್ಲ” ಎಂದು ಸೇರಿಸಿದ್ದರು. ಆ ಮಾತು ಕಂಪನಿಯ ಬಗ್ಗೆ ಅಲ್ಲ ಎಂದು ಆಗ ನನಗೆ ತಿಳಿಯಲಿಲ್ಲ.

ಕೊಳವೆ ಸೋರುವುದು ಹೇಗೆ ಎಂಬುದನ್ನು ಹೀಗೆ ಹೇಳಿದರು. ಒಬ್ಬಳು ಮುಖ ಮುಚ್ಚಿಕೊಂಡು ಯಾರಿಗೂ ಗೊತ್ತಾಗದ ಹಾಗೆ ಹೊರಡುತ್ತಾಳೆ. ಆದರೆ ಹೋಗಬೇಕಾದ ಮನೆಯ ದಾರಿಯನ್ನು ತನ್ನ ಬೀದಿಯವರನ್ನೇ ಕೇಳುತ್ತಾಳೆ. ಕೆಲವು ವಿಪಿಎನ್‌ಗಳೂ ಹಾಗೆಯೇ. ಮಾತನ್ನು ಕೊಳವೆಯೊಳಗೆ ಕಳಿಸಿ, ದಾರಿಯನ್ನು ಮಾತ್ರ ಹೊರಗೆ ನಿಂತು ಕೇಳುತ್ತವೆ. ಕೇಳಿಸಿಕೊಂಡವನಿಗೆ ನೀನು ಎಲ್ಲಿಗೆ ಹೊರಟೆ ಎಂಬುದು ಗೊತ್ತಾಯಿತಲ್ಲ.

ಇವೆಲ್ಲವನ್ನೂ ಲ್ಯಾಬಿನಲ್ಲೇ ಪರೀಕ್ಷೆ ಮಾಡಿದೆವು. ಉಳಿದದ್ದು ಒಂದು. ನೆಟ್‌ವರ್ಕ್ ಕಡಿದುಹೋಗಿ ಮತ್ತೆ ಬರುವ ಆ ಗಳಿಗೆಯಲ್ಲಿ ಕೊಳವೆ ಏನು ಮಾಡುತ್ತದೆ? ಒಳ್ಳೆಯದಾದರೆ, ಕೊಳವೆ ಮತ್ತೆ ಕೂಡುವ ತನಕ ಒಂದು ಅಕ್ಷರವನ್ನೂ ಹೊರಗೆ ಬಿಡದೆ ಬಾಗಿಲು ಹಾಕಿಕೊಂಡಿರಬೇಕು. ಅದಕ್ಕೆ ಕಿಲ್ ಸ್ವಿಚ್ ಎನ್ನುತ್ತಾರೆ. ಅದಿಲ್ಲದಿದ್ದರೆ ಫೋನು ಆತುರಪಟ್ಟು ಬರಿಮೈಯಲ್ಲೇ ಬೀದಿಗೆ ಓಡುತ್ತದೆ.

“ಬಿಸಿಲಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಕತ್ತಲು ದಾಟಿ ಬರುವಾಗ ನೋಡಬೇಕು. ಈ ಊರಲ್ಲಿ ಅದಕ್ಕೆ ಜಾಗ ಎಲ್ಲಿದೆ ಹೇಳು?”

ನಾನು ತಮಾಷೆಗೆ ಅಂದೆ: “ಎಡಕುಮೇರಿ ರೈಲು ಮೇಡಂ. ಸುರಂಗದ ಮೇಲೆ ಸುರಂಗ.”

ಅವರು ಚಾಕ್‌ಪೀಸನ್ನು ಮೇಜಿನ ಮೇಲೆ ಟಕ್ ಟಕ್ ಎಂದು ಕುಟ್ಟಿದರು. ಖುಷಿಯಾದರೆ ಹಾಗೆ ಮಾಡುತ್ತಿದ್ದರು. ಮುಂದಿನ ಭಾನುವಾರ ಸಕಲೇಶಪುರದಲ್ಲಿ ಹಗಲಿನ ರೈಲು ಹತ್ತಿಯೇ ಬಿಟ್ಟೆವು. ಕೈಯಲ್ಲಿ ನನ್ನ ಫೋನು, ಅವರ ಫೋನು, ಕಾಲೇಜಿನದೊಂದು ಹಳೆಯ ಫೋನು. ಒಂದೊಂದರಲ್ಲೂ ಒಂದೊಂದು ವಿಪಿಎನ್. ಹೊರಗಿನ ಪ್ರಪಂಚಕ್ಕೆ ತನ್ನ ಯಾವ ವಿಳಾಸ ಕಾಣುತ್ತಿದೆ ಎಂದು ಬಿಡುವಿಲ್ಲದೆ ಕೇಳಿ ಬರೆದಿಡುವ ಸಣ್ಣ ಪ್ರೋಗ್ರಾಂ ಒಂದನ್ನು ನಾನೇ ಬರೆದು ಮೂರಕ್ಕೂ ಹಾಕಿದ್ದೆ. ನಮ್ಮ ವಂಶದಲ್ಲಿ ಪ್ರೋಗ್ರಾಂ ಬರೆದವಳು ನಾನೇ ಮೊದಲು; ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಎದುರಿನ ಸೀಟಿನ ಅಜ್ಜಿಯೊಬ್ಬರು ನಮ್ಮನ್ನೇ ನೋಡಿ ನೋಡಿ ಕೇಳಿಯೇಬಿಟ್ಟರು. “ಏನ್ರವ್ವಾ, ಕಿಟಕಿಯಾಚೆ ಆಪಾಟಿ ಕಾಡೈತೆ, ಹಳ್ಳ ಐತೆ. ನೀವು ಫೋನ್ ನೋಡ್ಕಂಡು ಕುಂತಿದೀರಲ್ಲ?”

“ಸೋರ್ತದಾ ಅಂತ ನೋಡ್ತಿದೀವಿ ಅಜ್ಜಿ” ಎಂದೆ.

“ಫೋನು ಸೋರ್ತದಾ? ನಮ್ಮನೆ ಹೆಂಚೇ ವಾಸಿ ಬುಡು, ಕಣ್ಣಿಗಾದ್ರೂ ಕಾಣ್ತದೆ!”

ದೋಣಿಗಾಲ್ ಕಳೆದ ಮೇಲೆ ಸುರಂಗಗಳು ಶುರುವಾದವು. ಒಳಗೆ ಹೋದಾಗ ಬೋಗಿಯ ಹುಡುಗರೆಲ್ಲ ಕೇಕೆ ಹಾಕುತ್ತಿದ್ದರು. ಹೊರಗೆ ಬಂದಾಗ ಬೆಟ್ಟದ ಯಾವುದೋ ಸಂದಿಯಿಂದ ಒಂದು ಎಳೆ ಸಿಗ್ನಲ್ ಸಿಕ್ಕುತ್ತಿತ್ತು, ಮತ್ತೆ ಹೋಗುತ್ತಿತ್ತು. ಮೊದಲ ಸುರಂಗ ದಾಟಿದಾಗ ಎರಡು ಫೋನುಗಳು ಸುಮ್ಮನಿದ್ದವು. ಕೊಳವೆ ಕೂಡಿದ ಮೇಲಷ್ಟೇ ಮಾತಾಡಿದವು. ಮೂರನೆಯದು ಬೆಳಕು ಕಂಡ ಕೂಡಲೇ ತನ್ನ ನಿಜವಾದ ವಿಳಾಸವನ್ನು ಹೇಳಿಬಿಟ್ಟಿತು. ಮುಂದಿನ ಸುರಂಗದಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ.

ಆ ಮೂರನೆಯ ಫೋನು ಮೇಡಂ ಅವರದ್ದು. ಅದರಲ್ಲಿದ್ದದ್ದು ಅವರೇ ದಿನವೂ ಬಳಸುತ್ತಿದ್ದ ವಿಪಿಎನ್.

ಅವರು ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು. ಎಡಕುಮೇರಿಯಲ್ಲಿ ರೈಲು ನಿಂತಿತು, ಅಲ್ಲಿ ಅದು ತುಂಬ ಹೊತ್ತು ನಿಲ್ಲುತ್ತದೆ. ಯಾವ ಫೋನಿನಲ್ಲೂ ಒಂದು ಗೆರೆ ಸಿಗ್ನಲ್ ಇರಲಿಲ್ಲ. ಸುತ್ತ ಕಾಡು, ಒಂದು ಹಳದಿ ಬೋರ್ಡು, ಬಾವುಟ ಹಿಡಿದ ಒಬ್ಬ ನೌಕರ. ನಾವು ಬಾಗಿಲಿನ ಹತ್ತಿರ ನಿಂತೆವು. ಆಗ ಅವರು ಎಲ್ಲವನ್ನೂ ಹೇಳಿದರು. ಮಣಿಕಟ್ಟು ಹೇಗಾಯಿತು ಎಂಬುದನ್ನು. ತಮ್ಮೂರಿನ ಠಾಣೆಗೆ ದೂರು ಕೊಟ್ಟಾಗ ಹಿರಿಯರು ಸೇರಿ ರಾಜಿ ಮಾಡಿ ಮತ್ತೆ ಅದೇ ಮನೆಗೆ ಬಿಟ್ಟು ಬಂದದ್ದನ್ನು. ಎರಡನೇ ಸಲ ಹೊರಡುವಾಗ, ಸಿಕ್ಕರೆ ಬಿಡುವುದಿಲ್ಲ ಎಂದು ಅವನು ಹೇಳಿದ್ದನ್ನು. ತಾಯಿಗೆ ವಾರಕ್ಕೊಮ್ಮೆ ಮೇಲ್ ಬರೆಯುತ್ತಿದ್ದರಂತೆ, ಆ ವಿಪಿಎನ್ ಮೂಲಕ. ಕೊಳವೆ ಸೋರಿದ್ದರೆ ಆ ಮೇಲ್‌ಗಳಲ್ಲಿ ಅವರ ನಿಜವಾದ ವಿಳಾಸ ಉಳಿದಿರಬಹುದು; ತಾಯಿಯ ಫೋನನ್ನು ಅವನು ಬಂದು ನೋಡುತ್ತಾನಂತೆ.

“ಹಾನುಬಾಳಲ್ಲಿ ದಿನಕ್ಕೆ ಎಷ್ಟು ಸಲ ನೆಟ್ ಹೋಗಿ ಬರುತ್ತೆ!” ಎಂದರು. “ಅಷ್ಟು ಸಲವೂ ಇದು ಬಾಯಿ ಬಿಟ್ಟಿದೆ.”

ಫೋನು ಬರೆದಿಟ್ಟಿದ್ದ ವಿಳಾಸಗಳನ್ನು ಮತ್ತೆ ನೋಡಿದೆ. “ವಿಳಾಸ ಮೊಬೈಲ್ ಕಂಪನಿಯ ಬೆಂಗಳೂರಿನದು ತೋರಿಸ್ತಾ ಇದೆ ಮೇಡಂ. ಹಾನುಬಾಳು ಅಂತ ಎಲ್ಲೂ ಇಲ್ಲ.”

“ಗೊತ್ತು. ಅದಕ್ಕೇ ಇನ್ನೂ ಇಲ್ಲಿದೀನಿ.” ಆಮೇಲೆ ಭುಜ ಇಳಿಬಿಟ್ಟು ಉಸಿರು ತೆಗೆದುಕೊಂಡು, “ಈ ಸ್ಟೇಷನ್ ಚೆನ್ನಾಗಿದೆ ಅಲ್ವಾ? ಇಲ್ಲಿ ಯಾವ ವಿಪಿಎನ್ನೂ ಬೇಡ” ಎಂದರು. ಅವರು ಗೋಡೆಗೆ ಬೆನ್ನು ಕೊಡದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ರೈಲು ಹೊರಡುವ ಮುಂಚೆ ಒಂದು ಮಾತು ಕೇಳಿದರು. ಇದನ್ನು ಯಾರಿಗೂ ಹೇಳಬಾರದು, ಮನೆಯಲ್ಲೂ. ನಾನು ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ.

ಆ ವಾರವೇ ಅವರು ಆ ವಿಪಿಎನ್ ತೆಗೆದು, ಸುರಂಗದಲ್ಲಿ ಬಾಯಿ ಮುಚ್ಚಿಕೊಂಡಿದ್ದವುಗಳಲ್ಲಿ ಒಂದನ್ನು ಹಾಕಿಕೊಂಡರು. ನಾನು ನನ್ನ ವರದಿ ಮುಗಿಸಿದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಕೇಳಿದರು: “ಕೊನೆಗೆ ಯಾವುದು ಒಳ್ಳೇದು ಅಂತೀಯಮ್ಮ?” ನಾನು ಹೇಳಿದೆ: “ಯಾರಿಂದ ಬಚ್ಚಿಟ್ಟುಕೊಳ್ಳಬೇಕು ಅಂತ ಮೊದಲು ಹೇಳಬೇಕು ಸಾರ್. ಅದು ಗೊತ್ತಿಲ್ಲದೆ ಒಳ್ಳೇದು ಕೆಟ್ಟದ್ದು ಹೇಳಕ್ಕಾಗಲ್ಲ.” ಅವರು ತಲೆದೂಗಿದರು. ಹಿಂದಿನ ಬೆಂಚಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿತು.

ಅದಾದ ಮೇಲೆ ಅವ್ವ ಹಟ ಹಿಡಿದಳು, ಮೇಡಂ ಅವರನ್ನು ಮನೆಗೆ ಕರೆದು ಊಟ ಹಾಕಲೇಬೇಕು. ಅವರು ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ನಮ್ಮ ಕಡೆ ಉಪಚಾರ ಹೇಗೆ ಎಂದು ನಿಮಗೆ ಗೊತ್ತೇ ಇದೆ. ಎಲೆಗೆ ಕೈ ಅಡ್ಡ ಹಿಡಿದು ಬೇಡ ಎಂದರೂ ಬೆರಳ ಸಂದಿಯಲ್ಲಿ ಬಡಿಸಿಬಿಡುತ್ತಾರೆ. ಬೇಡ ಎನ್ನುವುದು ಬಂದವರ ಮರ್ಯಾದೆ, ಬಡಿಸುವುದು ನಮ್ಮ ಮರ್ಯಾದೆ.

“ಕಡುಬು ಸಾಕು ಸಾರ್, ನಿಜವಾಗಲೂ ಬೇಡ.”

“ಅದೆಲ್ಲ ನಡಿಯಕಿಲ್ಲ ಮೇಡಂ, ಇನ್ನೊಂದು ಮಡೀಕಳಿ! ಈ ಹುಡುಗೀನ ಘಾಟಿ ಹತ್ತಿಸ್ದೋರು ನೀವು. ಒಂದ್ ಕಡುಬಿಗೆ ಹೆದ್ರಿದ್ರೆ ಆಯ್ತದಾ?” ದೊಡ್ಡಪ್ಪ ಬಡಿಸಿಯೇಬಿಟ್ಟರು.

ಊಟವಾದ ಮೇಲೆ ಅವ್ವ ಅವರಿಗೆ ಮಡಿಲು ತುಂಬಿದಳು; ಅಕ್ಕಿ, ಕೊಬ್ಬರಿ, ರವಿಕೆ ಬಟ್ಟೆ. ದೊಡ್ಡಪ್ಪ ಫೋನು ತೆಗೆದು, “ಒಂದು ಫೋಟೋ ಮೇಡಂ” ಎಂದರು.

“ಬೇಡ ಸಾರ್. ನನ್ನ ಮುಖ ಫೋಟೋಗೆ ಚೆನ್ನಾಗಿ ಬರಲ್ಲ.”

ದೊಡ್ಡಪ್ಪ ಫೋನನ್ನು ಜೇಬಿಗೆ ಹಾಕಿದರು. ಎಡಗೈ ಜಾರಿ ಮಡಿಲಿನ ಅಕ್ಕಿ ಒಂದಿಷ್ಟು ಚೆಲ್ಲಿ, ಮೇಡಂ ಬಾಯ್ತುಂಬ ನಕ್ಕರು. ಬಾಗಿಲ ಹಿಂದಿನಿಂದ ಆ ನಗುವನ್ನು ದೊಡ್ಡಪ್ಪ ಫೋನಿನಲ್ಲಿ ಹಿಡಿದುಕೊಂಡದ್ದನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಫಲಿತಾಂಶ ಬಂದಾಗ ನಾನು ಹಾಸನದಲ್ಲಿದ್ದೆ. ಒಂದು ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ, ಆಗಷ್ಟೇ ಸೇರಿದ್ದೆ. ಪಾಸಾದೆ ಎಂದು ಫೋನು ಮಾಡಿದಾಗ ದೊಡ್ಡಪ್ಪ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆ ವಾರದ ಕೊನೆಯಲ್ಲಿ ರೂಮಿನ ಜೊತೆಯ ಹುಡುಗಿ ಒಂದು ಫೋಟೋ ತೋರಿಸಿದಳು. “ಇದು ನೀನೇ ಅಲ್ವೇನೇ? ನಮ್ಮ ಮಾವನ ವಾಟ್ಸಾಪ್ ಗ್ರೂಪಲ್ಲಿ ಬಂದಿದೆ.”

ಪಾಳ್ಯದ ಸರ್ಕಲ್. ಆಳೆತ್ತರದ ಫ್ಲೆಕ್ಸ್. ನಡುವೆ ಕಪ್ಪು ಗೌನು ತೊಟ್ಟ ನಾನು. ಮೈ ಯಾರದ್ದೋ, ತಲೆ ನನ್ನದು. ಕೆಳಗೆ ಮೂಲೆಯಲ್ಲಿ ಕೈಮುಗಿದ ದೊಡ್ಡಪ್ಪ. ಎಲ್ಲಕ್ಕೂ ಮೇಲೆ, ಮಠದ ಸ್ವಾಮಿಗಳನ್ನು ಹಾಕುವ ಜಾಗದಲ್ಲಿ, ಗುಂಡಗಿನ ಚೌಕಟ್ಟಿನೊಳಗೆ ಮೇಡಂ, ನಗುತ್ತಾ. ಕೆಳಗೆ ಅವರ ಪೂರ್ತಿ ಹೆಸರು, ಕಾಲೇಜಿನ ಹೆಸರು, ಊರು.

ಕೂಡಲೇ ದೊಡ್ಡಪ್ಪನಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು. “ನೋಡ್ದಾ? ಹೆಂಗೈತೆ? ಮಾತು ಅಂದ್ರೆ ಮಾತು ಕಣವ್ವಾ! ಗುರುವಿಲ್ದೆ ಎಂತ ಫ್ಲೆಕ್ಸು ಅಂತ ಮೇಡಮ್ಮೋರ್ನ ಮೇಲೇ ಹಾಕ್ಸಿದೆ. ಅವ್ರು ಬ್ಯಾಡ ಅಂತಾರೆ, ದೊಡ್ಡೋರು ಹಂಗೇ ಅನ್ನೋದು. ನಾವು ಮಾಡ್ಬೇಕು. ಹಾಂ, ಇವತ್ತು ಬೆಳಿಗ್ಗೆ ಅವ್ರ ಯಜಮಾನ್ರೂ ಬಂದಿದ್ರು! ಗ್ರೂಪಲ್ಲಿ ಫೋಟೋ ನೋಡಿ ಹುಡಿಕ್ಕಂಡು ಬಂದ್ರಂತೆ. ಎಂಥ ಸಂಭಾವಿತ ಮನುಷ್ಯ ಅಂತೀಯ! ಹಣ್ಣು ತಂದಿದ್ರು. ಕಾಫಿ ಕೊಟ್ಟೆ, ಬ್ಯಾಡ ಅಂದ್ರೂ ಬಿಡ್ಲಿಲ್ಲ. ಹಾನುಬಾಳಲ್ಲಿ ಮನೆ ಐತೆ ಹೋಗಿ ಅಂತ ಹೇಳ್ದೆ.”

ನಾನು ಏನು ಹೇಳಿದೆನೋ ನೆನಪಿಲ್ಲ. ಕೇಳಿಸಿಕೊಂಡ ಮೇಲೆ ದೊಡ್ಡಪ್ಪ “ನಂಗ್ಯಾಕವ್ವಾ ಹೇಳ್ಲಿಲ್ಲ ನೀನು?” ಎಂದರು. ಮೇಡಂ ಹೇಳಬೇಡ ಎಂದಿದ್ದರು, ಹೇಳಲಿಲ್ಲ.

ಮೇಡಂ ಅವರಿಗೆ ಫೋನು ಮಾಡಿದೆ, ತೆಗೆದರು. ನಾನು ಅಳುತ್ತಾ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

“ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದಿದ್ದನಂತೆ?” ಪಾಠದಲ್ಲಿ ಪ್ರಶ್ನೆ ಕೇಳುವ ದನಿಯೇ. ಹೇಳಿದೆ. “ಸರಿ. ಊರು ಗೊತ್ತಾಯ್ತು, ಮನೆ ಗೊತ್ತಿಲ್ಲ. ಹುಡುಕಿಕೊಂಡು ಬರಬೇಕು. ಸ್ವಲ್ಪ ಹೊತ್ತಿದೆ.” ಏನನ್ನೋ ಚೀಲಕ್ಕೆ ತುಂಬುವ ಸದ್ದು ಕೇಳಿಸುತ್ತಿತ್ತು. “ನೋಡು, ನಾವು ಮಾಡಿದ ಪರೀಕ್ಷೆ ಸರಿಯಾಗೇ ಇತ್ತು. ಕೊಳವೆ ಸೋರಲಿಲ್ಲ. ನಿಮ್ಮ ದೊಡ್ಡಪ್ಪನಿಗೆ ಬೈಬೇಡ.”

“ಮೇಡಂ, ಎಲ್ಲಿಗೆ ಹೋಗ್ತೀರಾ?”

“ಫೋಟೋ ಚೆನ್ನಾಗಿ ಬಂದಿತ್ತಾ?” ಎಂದು ಕೇಳಿದರು.

“ಬಂದಿತ್ತು ಮೇಡಂ.”

“ಹೌದಾ” ಎಂದರು. ಫೋನು ಕಡಿಯಿತು. ಆ ನಂಬರು ಮತ್ತೆ ರಿಂಗಾಗಲಿಲ್ಲ.

ಮಾರನೆಯ ದಿನ ದೊಡ್ಡಪ್ಪನೂ ನಾನೂ ಹಾನುಬಾಳಿಗೆ ಹೋದೆವು. ಮನೆಯ ಒಡತಿ ಹೊರಗೆ ಕಾಫಿ ಬೀಜ ಹರವುತ್ತಿದ್ದರು. “ಜೀಪು ಹತ್ತಿ ಹೋಗ್ಬುಟ್ರು ಮಾರಾಯ್ರೆ, ಒಂದೇ ಒಂದು ಚೀಲ. ಅವ್ರು ಹೋಗಿ ಸ್ವಲ್ಪ ಹೊತ್ತಿಗೆ ಕಾರು ಬಂತು. ಆ ಮನುಷ್ಯ ಬಾಗ್ಲಿಗೆ ಒದ್ದ ನೋಡಿ, ಚಿಲ್ಕ ಕಿತ್ತೋಯ್ತು. ಯಾವ ಕಡೆ ಹೋದ್ರು ಅಂತ ಕೇಳ್ದ. ಗೊತ್ತಿಲ್ಲ ಅಂದೆ. ಗೊತ್ತಿದ್ರೆ ತಾನೆ ಹೇಳೋದು?” ದೊಡ್ಡಪ್ಪ ಆ ಕಿತ್ತ ಚಿಲಕವನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಒಳಗೆ ಮೇಜಿನ ಮೇಲೆ, ಅವ್ವ ಮಡಿಲಿಗೆ ಹಾಕಿದ್ದ ರವಿಕೆ ಬಟ್ಟೆ ಮಡಿಸಿಟ್ಟ ಹಾಗೆಯೇ ಇತ್ತು.

ಫ್ಲೆಕ್ಸನ್ನು ದೊಡ್ಡಪ್ಪ ಹಿಂದಿನ ದಿನವೇ ತಾವೇ ಏಣಿ ಹತ್ತಿ ಇಳಿಸಿದ್ದರು. ಗ್ರೂಪುಗಳಲ್ಲಿ ಹೋದದ್ದನ್ನು ಇಳಿಸಲು ಏಣಿ ಇಲ್ಲ. ಈಗಲೂ ಯಾರೋ ಒಬ್ಬರು ಆ ಫೋಟೋ ಕಳಿಸಿ ಅಭಿನಂದನೆ ಹೇಳುತ್ತಾರೆ.

ಮೇಡಂ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಹುಡುಕಬೇಕೆಂದರೆ ನಾಲ್ಕು ಜನರನ್ನು ಕೇಳಬೇಕು. ಕೇಳಿದರೆ ನನ್ನ ಹಿಂದೆಯೇ ಅವನೂ ಬರಬಹುದು. ನೆಟ್‌ವರ್ಕ್ ಕಾಯುವುದೇ ನನ್ನ ಉದ್ಯೋಗ. ಯಾವ ವಿಪಿಎನ್ ನೆಚ್ಚಬಹುದು ಎಂದು ಕಚೇರಿಯವರು ಕೇಳಿದರೆ ಹೇಳುತ್ತೇನೆ, ಸುರಂಗ ದಾಟುವಾಗ ಏನು ಮಾಡುತ್ತದೆ ನೋಡಿ ಎನ್ನುತ್ತೇನೆ. ಮೇಡಂ ಅವರಿಗೆ ಒಂದು ಸಾಲು ಬರೆಯಲು ಮಾತ್ರ ನನ್ನ ಹತ್ತಿರ ದಾರಿಯಿಲ್ಲ. ಇದ್ದಿದ್ದರೂ ಬರೆಯುತ್ತಿರಲಿಲ್ಲ.

ಕಾಲೇಜಿನಿಂದ ಡಿಗ್ರಿ ಸರ್ಟಿಫಿಕೇಟು ಬಂದಿದೆ ಎಂದು ತಿಳಿಸಿದಾಗ ದೊಡ್ಡಪ್ಪ ತಾವೂ ಬರುತ್ತೇನೆ ಎಂದರು. ಒಗೆದ ಪಂಚೆ ಉಟ್ಟು ಬಂದರು. ಕಚೇರಿಯ ಕಿಟಕಿಯಲ್ಲಿ ಗುಮಾಸ್ತರು ನನ್ನ ಸಹಿ ಹಾಕಿಸಿಕೊಂಡು, ಸರ್ಟಿಫಿಕೇಟನ್ನು ಕೈಗೆ ಕೊಟ್ಟು, “ಮನೆಗೆ ಮೊದಲನೇ ಡಿಗ್ರಿ ಅಲ್ವಾ? ಒಂದು ಫೋಟೋ ತಕ್ಕಳಿ ಯಜಮಾನ್ರೆ” ಎಂದರು.

ದೊಡ್ಡಪ್ಪನ ಕೈ ಜೇಬಿನ ಕಡೆ ಹೋಗಲಿಲ್ಲ. ಹೆಗಲ ಮೇಲಿನ ಟವೆಲ್ಲಿಗೆ ಎರಡೂ ಕೈ ಒರೆಸಿಕೊಂಡು ಕಾಗದವನ್ನು ಇಸಿದುಕೊಂಡರು. ಒಂದೊಂದೇ ಅಕ್ಷರದ ಮೇಲೆ ಬೆರಳು ಆಡಿಸುತ್ತಾ ಕೆಳಗಿನ ತನಕ ಓದಿದರು. ಮತ್ತೆ ಮೇಲಿನಿಂದ ಓದಿದರು.

“ಆ ಮೇಡಮ್ಮೋರ ಹೆಸ್ರು ಇದ್ರಲ್ಲಿ ಎಲ್ಲೈತವ್ವಾ?”

“ಇಲ್ಲ ದೊಡ್ಡಪ್ಪ. ಪಾಠ ಹೇಳ್ದೋರ ಹೆಸ್ರು ಇದ್ರಲ್ಲಿ ಹಾಕಲ್ಲ.”

ಅವರು ಅದನ್ನು ನನ್ನ ಕೈಗೆ ವಾಪಸು ಕೊಟ್ಟರು.

“ಒಳ್ಳೇದಾಯ್ತು ಕಣವ್ವಾ” ಎಂದರು. “ಹಂಗೇ ಇರ್ಲಿ ಬುಡು.”